ಗುಬ್ಬಿ ಹಾಕದ ಅರ್ಜಿ

"ಅರ್ಜಿ ಹಾಕಿ ಆಗಿದೆ, ನಮ್ಮ ಕಡೆಯಿಂದ ವೆರಿಫಿಕೇಶನ್ನೂ ಮುಗಿದಿದೆ. ಈಗ ಬಂದು ನಾನು ಹಾಕೇ ಇಲ್ಲ ಅಂದ್ರೆ ಹೇಗಮ್ಮ? ಒಬ್ಬಳಿಗೇ ಎರಡೆರಡು ಸಲ ವಿದ್ಯಾರ್ಥಿವೇತನ ಕೊಡೋಕೆ ಸರ್ಕಾರ ಏನು ನಿಮ್ಮ ಸೋದರಮಾವನಾ?"

ನರ್ಸಿಂಗ್ ಕಾಲೇಜಿನ ಗುಮಾಸ್ತ ಇಷ್ಟು ಹೇಳಿ, ಕೈಯಲ್ಲಿದ್ದ ರಬ್ಬರ್ ಸೀಲಿಗೆ ಉಫ್ ಎಂದು ಊದಿ, ಬೇರೆ ಯಾರದೋ ಕಾಗದದ ಮೇಲೆ ಒತ್ತಿದ. ಒತ್ತುವ ಮೊದಲು ಊದುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಹುಡುಗಿಯರು ಅವನಿಗೆ ಊದಪ್ಪ ಎಂದು ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಆದರೂ ಊದುವುದು ಬಿಟ್ಟಿರಲಿಲ್ಲ.

ಮೇಜಿನ ಈಚೆ ನಿಂತಿದ್ದವರು ಮೂವರು.

ಮೊದಲನೆಯವಳು ಗುಬ್ಬಿ. ಎರಡನೇ ವರ್ಷದ ವಿದ್ಯಾರ್ಥಿನಿ. ಹಿಡಿ ಗಾತ್ರದ ದೇಹ, ಅದಕ್ಕೊಂದು ಅಳತೆ ದೊಡ್ಡದಾದ ಸಮವಸ್ತ್ರ. ಮೂರು ದಿನದಿಂದ ಅವಳು ತನ್ನ ಗುರುತಿನ ಸಂಖ್ಯೆ ಹಾಕಿದಾಗಲೆಲ್ಲ ಸರ್ಕಾರದ ವೆಬ್‌ಸೈಟು ಒಂದೇ ಮಾತು ಹೇಳುತ್ತಿತ್ತು: ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ. ಅವಳು ಸಲ್ಲಿಸಿರಲಿಲ್ಲ. ಕೆಳಗೆ ಕಾಣುತ್ತಿದ್ದ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕೆಯೂ ಅವಳದಲ್ಲ.

ಎರಡನೆಯವರು ಸಿಸ್ಟರಮ್ಮ. ದೊಡ್ಡಾಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ವಾರ್ಡ್ ನೋಡಿಕೊಂಡು ನಿವೃತ್ತರಾದವರು. ಕೆಲಸ ಬಿಟ್ಟರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ತೊಡಕು ಬಂದಾಗ ಹುಡುಗಿಯರು ಹೋಗುತ್ತಿದ್ದದ್ದು ಅವರ ಹತ್ತಿರವೇ. ಕೇಸ್ ಯಾವುದೇ ಇರಲಿ, ರೋಗಿಯ ಚಾರ್ಟ್ ಓದುವ ಹಾಗೆ ಮೂರೇ ಪ್ರಶ್ನೆ ಅವರದು: ಏನಾಯಿತು, ಎಷ್ಟು ಹೊತ್ತಿಗೆ, ಯಾರ ಕೈಯಿಂದ.

ಮೂರನೆಯವನು ಅವರ ತಮ್ಮ. ಕಾಲೇಜಿನ ಎದುರೇ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟವನು. ಇಡೀ ಹಾಸ್ಟೆಲ್ಲಿಗೆ ಅರ್ಜಿಮಾಮ. ಬಾಯಿ ಸುಮ್ಮನಿದ್ದರೆ ಜ್ವರ ಬಂದಿದೆಯೇನೋ ಎಂದು ಹುಡುಗಿಯರು ಹಣೆ ಮುಟ್ಟಿ ನೋಡುವಷ್ಟು ಮಾತುಗಾರ.

ಗೋಡೆ ಗಡಿಯಾರದಲ್ಲಿ ಮೂರೂವರೆ. ಇವತ್ತು ಕೊನೆಯ ದಿನ. ಐದಕ್ಕೆ ವೆಬ್‌ಸೈಟು ಮುಚ್ಚುತ್ತದೆ. ಆಮೇಲೆ ಅಲ್ಲಿರುವ ಅರ್ಜಿ ಇದ್ದ ಹಾಗೆಯೇ ಮೇಲಿನ ಕಚೇರಿಗೆ ಹೋಗುತ್ತದೆ. ವಿದ್ಯಾರ್ಥಿವೇತನ ಬರದಿದ್ದರೆ ಗುಬ್ಬಿಗೆ ಶುಲ್ಕವಿಲ್ಲ, ಶುಲ್ಕ ಕಟ್ಟದವರಿಗೆ ಈ ವರ್ಷದ ಪರೀಕ್ಷೆಯಿಲ್ಲ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ದಿನವಿಡೀ ಹಾಸಿಗೆ ಬಟ್ಟೆ ಮಡಚುವ ಅವಳ ತಾಯಿ, ಪಕ್ಕದ ಮೇಜು ಖಾಲಿಯಿದೆ, ಮಗಳಿಗೆ ಕೊಡ್ತೀರಾ ಎಂದು ಮೇಲ್ವಿಚಾರಕಿಯನ್ನು ನಿನ್ನೆಯೇ ಕೇಳಿ ಬಂದಿದ್ದಳು. ಗುಬ್ಬಿ ಅದನ್ನು ಯಾರಿಗೂ ಹೇಳಿರಲಿಲ್ಲ, ಬರುವ ದಾರಿಯಲ್ಲಿ ಸಿಸ್ಟರಮ್ಮನಿಗೆ ಮಾತ್ರ ಹೇಳಿದ್ದಳು.

"ಸೋದರಮಾವ ಅಲ್ಲ, ಸರಿ," ಎಂದರು ಸಿಸ್ಟರಮ್ಮ. "ಆ ಅರ್ಜಿಯ ಕಾಗದ ತೋರಿಸಪ್ಪ, ನೋಡಿ ಹೋಗ್ತೀವಿ."

ಕಾಗದ ತೋರಿಸುವ ಹಾಗಿಲ್ಲ ಎಂದ ಊದಪ್ಪ. ಪ್ರಿನ್ಸಿಪಾಲರ ಅನುಮತಿ ಬೇಕು. ಪ್ರಿನ್ಸಿಪಾಲರು ರಜೆಯಲ್ಲಿದ್ದಾರೆ, ನಾಳೆ ಬರುತ್ತಾರೆ. ನಾಳೆ ಬಂದರೆ ಏನು ಪ್ರಯೋಜನ ಎಂದು ಅರ್ಜಿಮಾಮ ಕೇಳಿದ್ದಕ್ಕೆ, ಅದನ್ನು ಪ್ರಿನ್ಸಿಪಾಲರನ್ನೇ ಕೇಳಿ ಎಂದ.

ಅರ್ಜಿಮಾಮ ಅಕ್ಕನ ಕಿವಿಯ ಹತ್ತಿರ ಬಾಗಿದ. ಇದು ಇವನ ಕೆಲಸ ಅಲ್ಲ, ಟ್ಯೂಟರ್ ಮೇಡಂದು ಎಂದು ಪಿಸುಗುಟ್ಟಿದ. ಮೂರು ದಿನದಿಂದ ಅವನದು ಅದೇ ರಾಗ. ಹುಡುಗಿಯರ ಫಾರಂಗಳನ್ನು ಕ್ಲಾಸಿನಲ್ಲಿ ಒಟ್ಟು ಮಾಡಿ ಆಫೀಸಿಗೆ ತರುವವರು ಆ ಮೇಡಂ. ಅವರು ಹೊಸ ಸ್ಕೂಟರ್ ಬೇರೆ ತೆಗೆದುಕೊಂಡಿದ್ದರು. ಅರ್ಜಿಮಾಮನ ಲೆಕ್ಕದಲ್ಲಿ ಸ್ಕೂಟರೇ ಅರ್ಧ ಸಾಕ್ಷಿ.

ಸಿಸ್ಟರಮ್ಮ ಕೈಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದರು. ವಿದ್ಯಾರ್ಥಿವೇತನದ ನಿಯಮಾವಳಿ, ನಲವತ್ತೆರಡು ಪುಟ. ಜನ ಬಸ್ಸಿನಲ್ಲಿ ಕಾದಂಬರಿ ಓದುವ ಹಾಗೆ ಅವರು ಎರಡು ದಿನ ಅದನ್ನು ಓದಿದ್ದರು. ಅಲ್ಲಲ್ಲಿ ಪೆನ್ಸಿಲ್ ಗೆರೆ. ಸಾವಿರಾರು ಅರ್ಜಿ ತುಂಬಿದ ಅರ್ಜಿಮಾಮ ಒಂದು ದಿನವೂ ಆ ಪುಸ್ತಕ ತೆರೆದವನಲ್ಲ. ಅದನ್ನು ಬರೆದವನೂ ಎರಡನೇ ಸಲ ಓದಿರಲಿಕ್ಕಿಲ್ಲ ಎಂದು ಅವನ ವಾದ.

"ಹತ್ತೊಂಬತ್ತನೇ ಪುಟ," ಎಂದು ಸಿಸ್ಟರಮ್ಮ ಬೆರಳಿಟ್ಟರು. "ವಿದ್ಯಾರ್ಥಿ ಖುದ್ದಾಗಿ ಬರಬೇಕು. ಮೂಲ ದಾಖಲೆ ಕೈಯಲ್ಲಿರಬೇಕು. ಗುಮಾಸ್ತ ಮುಖ ನೋಡಿ, ದಾಖಲೆ ನೋಡಿ, ಆಮೇಲೆ ಸೀಲ್ ಒತ್ತಬೇಕು. ಇವಳದು ಯಾವತ್ತು ನೋಡಿದೆ?"

ಊದಪ್ಪ ಕಂಪ್ಯೂಟರ್ ನೋಡಿದ. ಹನ್ನೆರಡನೇ ತಾರೀಕು, ಮಧ್ಯಾಹ್ನ ಮೂರು ಗಂಟೆ ಎಂದ. ಗಟ್ಟಿಯಾಗಿಯೇ ಹೇಳಿದ.

ಗುಬ್ಬಿ ತನ್ನ ಲಾಗ್‌ಬುಕ್ ಬಿಚ್ಚಿ ಮೇಜಿನ ಮೇಲಿಟ್ಟಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಹನ್ನೆರಡನೇ ತಾರೀಕು ಅವಳಿಗೆ ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ. ಗಂಟೆ ಗಂಟೆಗೆ ಯಾವ ಮಗುವಿನ ಜ್ವರ ನೋಡಿದಳು ಎಂಬುದೆಲ್ಲ ಅಲ್ಲಿತ್ತು. ಕೆಳಗೆ ವಾರ್ಡ್ ಸಿಸ್ಟರ್ ಸಹಿ.

"ಮೂರು ಗಂಟೆಗೆ ಇವಳು ನಾಲ್ಕನೇ ಮಂಚದ ಮಗುವಿಗೆ ಔಷಧಿ ಕುಡಿಸ್ತಾ ಇದ್ದಳು," ಎಂದರು ಸಿಸ್ಟರಮ್ಮ. "ಹಾಗಾದ್ರೆ ನೀನು ನೋಡಿದ ಮುಖ ಯಾರದು?"

ಊದಪ್ಪ ಸೀಲನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. ಮತ್ತೆ ತೆರೆದ. ಕೊನೆಯ ವಾರ ನೂರಾರು ಫಾರಂ ಬರುತ್ತವೆ, ಎಲ್ಲರ ಮುಖ ನೋಡುತ್ತ ಕೂತರೆ ಕಾಲೇಜಿಗೆ ಇನ್ನೊಬ್ಬ ಗುಮಾಸ್ತ ಬೇಕು ಎಂದ. ಮೊದಲಿನ ಗಟ್ಟಿತನ ದನಿಯಲ್ಲಿರಲಿಲ್ಲ.

ಸಿಸ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ಹಟ ಹಿಡಿದ ರೋಗಿಯ ಹತ್ತಿರ ಕೂರುವ ಹಾಗೆ, ಮೇಜಿಗೆ ಮಂಡಿ ತಾಗುವಷ್ಟು ಹತ್ತಿರ.

"ನೋಡಪ್ಪ. ನಿನ್ನ ನೌಕರಿ ತೆಗೆಸೋಕೆ ನಾನು ಬಂದಿಲ್ಲ. ತನ್ನ ಅರ್ಜಿ ತಾನು ನೋಡೋ ಹಕ್ಕು ಇವಳಿಗಿದೆ, ಅದೂ ಈ ಪುಸ್ತಕದಲ್ಲೇ ಇದೆ. ಈಗ ತೋರಿಸಿದ್ರೆ ಇಲ್ಲಿರೋ ನಾಲ್ಕು ಜನಕ್ಕೆ ಗೊತ್ತಾಗತ್ತೆ. ನಾಳೆ ಲಿಖಿತವಾಗಿ ಕೇಳಿದ್ರೆ, ಹನ್ನೆರಡನೇ ತಾರೀಕು ಮೂರು ಗಂಟೆ ಅನ್ನೋದನ್ನೂ ನಾನು ಬರೀಬೇಕಾಗತ್ತೆ."

ಊದಪ್ಪ ಎದ್ದು ಕಪಾಟು ತೆರೆದ.

ಫೈಲು ದಪ್ಪಗಿತ್ತು. ಈ ಕಾಲೇಜಿನಲ್ಲಿ ಕೈಯಿಂದ ತುಂಬಿದ ಫಾರಂ ಮೊದಲು ಆಫೀಸಿಗೆ ಬರುತ್ತದೆ, ಅದನ್ನು ನೋಡಿ ಊದಪ್ಪ ಕಂಪ್ಯೂಟರಿಗೆ ಏರಿಸುತ್ತಾನೆ. ಅವನು ಹಾಳೆ ತಿರುವುತ್ತ ಹೋಗಿ ಒಂದು ಫಾರಂ ಹೊರಗೆಳೆದ. ಗುಬ್ಬಿಯ ಫೋಟೋ. ಗುಬ್ಬಿಯ ತಾಯಿಯ ಹೆಸರು. ಗುಬ್ಬಿಯ ಅಂಕಪಟ್ಟಿಯ ನಕಲು, ಆದಾಯ ಪ್ರಮಾಣಪತ್ರದ ನಕಲು. ಎಲ್ಲ ಅವಳದೇ. ಅಕ್ಷರ ಮಾತ್ರ ಅವಳದಲ್ಲ. ಅಚ್ಚಿನ ಮೊಳೆಯಂತೆ ಒಂದೊಂದಾಗಿ ಬಿಡಿಸಿ ಬರೆದದ್ದು, ಯಾರ ಕೈಬರಹವೆಂದು ಹೇಳಲು ಬಾರದ ಹಾಗೆ.

"ನನ್ನ ಸಹಿ ಹೀಗಿಲ್ಲ," ಎಂದಳು ಗುಬ್ಬಿ. 

ಸಿಸ್ಟರಮ್ಮ ಕನ್ನಡಕ ಏರಿಸಿಕೊಂಡು ಖಾತೆ ಸಂಖ್ಯೆಯ ಸಾಲಿಗೆ ಬಂದರು. ಅಲ್ಲಿಯೇ ನಿಂತರು.

ಆ ಸಾಲಿನಲ್ಲಿ ಮೊದಲು ಬರೆದಿದ್ದದ್ದು ಗುಬ್ಬಿಯ ನಿಜವಾದ ಖಾತೆಯ ಸಂಖ್ಯೆ. ಹೋದ ವರ್ಷದ ಅರ್ಜಿ ನೋಡಿ ನಕಲು ಮಾಡುವಾಗ ಕೈ ತನ್ನಷ್ಟಕ್ಕೆ ಅದನ್ನೂ ಬರೆದುಬಿಟ್ಟಿತ್ತು. ಆಮೇಲೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಸಂಖ್ಯೆ ಬರೆಯಲಾಗಿತ್ತು.

ಕಳ್ಳತನಕ್ಕೆ ಕೂತವರು ಇಂಥ ತಪ್ಪಾದರೆ ಫಾರಂ ಹರಿದುಹಾಕಿ ಹೊಸದು ತೆಗೆದುಕೊಳ್ಳುತ್ತಾರೆ. ಖಾಲಿ ಫಾರಂಗೇನು ಬರವೇ, ಬಾಗಿಲ ಪಕ್ಕದಲ್ಲೇ ಒಂದು ರಾಶಿ ಬಿದ್ದಿತ್ತು. ಊದಪ್ಪನಾಗಿದ್ದರೆ ವೈಟ್ನರ್ ಬಳಿಯುತ್ತಿದ್ದ. ಅವನ ಬಲಗೈಯ ಎರಡು ಬೆರಳು ಯಾವಾಗಲೂ ಬೆಳ್ಳಗೆ, ಸುಣ್ಣ ಮುಟ್ಟಿ ಬಂದವನ ಹಾಗೆ. ಅವನು ಏರಿಸಿದ ಹಾಳೆಗಳಲ್ಲೆಲ್ಲ ಬಿಳಿ ತೇಪೆ.

ಇಲ್ಲಿ ತೇಪೆ ಇರಲಿಲ್ಲ. ತಪ್ಪು ಸಂಖ್ಯೆಯ ಮೇಲೆ ಒಂದೇ ಒಂದು ನೇರ ಗೆರೆ. ಕೆಳಗಿನ ಅಂಕೆಗಳೆಲ್ಲ ಸ್ಪಷ್ಟವಾಗಿ ಕಾಣುವ ಹಾಗೆ. ಗೆರೆಯ ತುದಿಯಲ್ಲಿ ಗುಬ್ಬಿಯ ಹೆಸರಿನದೇ ಪುಟ್ಟ ಸಹಿ.

ಅರ್ಜಿಮಾಮನಿಗೆ ತಡೆಯಲಾಗಲಿಲ್ಲ. ಒಂದೇ ಗೆರೆ, ಪಕ್ಕದಲ್ಲಿ ಸಹಿ, ಇದು ನರ್ಸಮ್ಮಗಳ ಅಭ್ಯಾಸ ಅಲ್ಲವೇ ಎಂದ. ಚಾರ್ಟಿನಲ್ಲಿ ತಪ್ಪು ಬರೆದರೆ ಅಳಿಸಬಾರದು, ಮುಚ್ಚಬಾರದು, ಹಾಳೆ ಹರಿಯಬಾರದು. ಅಕ್ಕನ ಬಾಯಿಂದ ಊಟದ ಹೊತ್ತಿನಲ್ಲೂ ಇದನ್ನು ಕೇಳಿ ಬೆಳೆದವನು ತಾನು. ಗುಮಾಸ್ತನಿಗೆಲ್ಲಿ ಬರಬೇಕು ಈ ವಿದ್ಯೆ. ಟ್ಯೂಟರ್ ಮೇಡಂ ಎಂದು ತಾನು ಮೂರು ದಿನದಿಂದ ಬಡಕೊಳ್ಳುತ್ತಿಲ್ಲವೇ.

ಸಿಸ್ಟರಮ್ಮ ಫೈಲಿನಲ್ಲಿ ಟ್ಯೂಟರ್ ಮೇಡಂ ಕೈಯಿಂದಲೇ ತಿದ್ದಿದ ಹಾಳೆ ಹುಡುಕಿದರು. ಸಿಕ್ಕಿತು. ಹಾಜರಾತಿಯ ಅಂಕೆ ತಪ್ಪಾಗಿದ್ದನ್ನು ಮೇಡಂ ತಿದ್ದಿದ್ದರು. ಒಂದೇ ಗೆರೆ, ಪಕ್ಕದಲ್ಲಿ ಸಹಿ. ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಕಿಟಕಿಯ ಬೆಳಕಿಗೆ ಸರಿಸಿದರು.

ಒಂದೇ ಥರ ಇದ್ದವು. ಆದರೆ ಒಂದಲ್ಲ.

ಗುಬ್ಬಿಯ ಫಾರಂನಲ್ಲಿ ಸಹಿಯ ಪಕ್ಕ ಇನ್ನೊಂದು ಗುರುತಿತ್ತು. ತೀರಾ ಸಣ್ಣದು, ಪೆನ್ನಿನ ಮೊನೆಯಲ್ಲಿ ಬರೆದದ್ದು. 14.10 ಎಂಬ ಹೊತ್ತು, ಅದರ ಸುತ್ತ ಒಂದು ಸೊನ್ನೆ.

ಸಿಸ್ಟರಮ್ಮನ ಬೆರಳು ಆ ಸೊನ್ನೆಯ ಮೇಲೆ ಎಷ್ಟು ಹೊತ್ತು ಇತ್ತೆಂದರೆ, ಊದಪ್ಪ ಬಗ್ಗಿ ನೋಡಿ ಏನಮ್ಮ ಅದು ಎಂದು ಕೇಳಿದ.

ಏನೂ ಇಲ್ಲ ಎಂದರು. ಅವರು ಸುಳ್ಳು ಹೇಳಿದ್ದು ಅಪರೂಪ. ಗುಬ್ಬಿ ತಲೆಯೆತ್ತಿ ಅವರ ಮುಖ ನೋಡಿದಳು.

ಹೊತ್ತಿನ ಸುತ್ತ ಸೊನ್ನೆ ಹಾಕುವುದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಅದು ಸಿಸ್ಟರಮ್ಮನದೇ ಕಟ್ಟಳೆ. ಒಮ್ಮೆ ತಿದ್ದಿದ ಹೊತ್ತನ್ನು ಔಷಧಿಯ ಪ್ರಮಾಣವೆಂದು ಓದಿ ಒಬ್ಬ ರೋಗಿಯ ಪ್ರಾಣಕ್ಕೇ ಕುತ್ತು ಬಂದಿತ್ತು. ಮರುದಿನದಿಂದ ಅವರ ವಾರ್ಡಿನಲ್ಲಿ, ತಿದ್ದಿದವರು ಹೊತ್ತು ಬರೆದು ಸುತ್ತ ಸೊನ್ನೆ ಹಾಕಲೇಬೇಕು. ಬೇರೆ ವಾರ್ಡಿನವರು ನಗುತ್ತಿದ್ದರು. ಎರಡು ವರ್ಷ ನಡೆದ ಮೇಲೆ ಆಸ್ಪತ್ರೆಯ ದಾಖಲೆಗಳು ಕಂಪ್ಯೂಟರಿಗೆ ಹೋದವು, ಸೊನ್ನೆಯೂ ಹೋಯಿತು.

ಆ ಎರಡು ವರ್ಷದಲ್ಲಿ ಅವರ ಕೈಕೆಳಗೆ ಕಲಿತ ಹುಡುಗಿಯರು ಆರು ಜನ. ಐವರು ಹೊರದೇಶದ ಆಸ್ಪತ್ರೆಗಳಿಗೆ ಹೋದರು. ಈಗಲೂ ಫೋಟೋ ಕಳಿಸುತ್ತಾರೆ.

ಆರನೆಯವಳಿಗೆ ಸಿಸ್ಟರಮ್ಮನೇ ಮುಂದೆ ನಿಂತು ಮದುವೆ ಮಾಡಿಸಿದ್ದರು. ತಮ್ಮನ ಜೊತೆ.

ಮದುವೆಯಾದ ಮೇಲೆ ಅವಳು ಆಸ್ಪತ್ರೆ ಬಿಟ್ಟು ಅಂಗಡಿಯ ಎರಡನೇ ಕಂಪ್ಯೂಟರಿನ ಮುಂದೆ ಕೂತಳು. ಹದಿನಾಲ್ಕು ವರ್ಷವಾಯಿತು. ಈಗಲೂ ಅಲ್ಲೇ ಇದ್ದಾಳೆ. ಈ ಕಿಟಕಿಯಿಂದ ರಸ್ತೆಯಾಚೆ ನೋಡಿದರೆ ಅಂಗಡಿಯ ನೀಲಿ ಫಲಕ, ಕೊನೆಯ ದಿನದ ಸಾಲು, ಒಳಗೆ ಬಗ್ಗಿ ಕೂತ ಅವಳ ತಲೆ, ಎಲ್ಲ ಕಾಣುತ್ತದೆ.

ಸಿಸ್ಟರಮ್ಮ ನೋಡಲಿಲ್ಲ. ಫೈಲಿನ ಉಳಿದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅಂಥದೇ ಬಿಡಿ ಅಕ್ಷರದ ಫಾರಂಗಳು ಇನ್ನೂ ಆರು ಇದ್ದವು. ಎರಡರಲ್ಲಿ ಸೊನ್ನೆಯೂ ಇತ್ತು. ಗುಬ್ಬಿಯದೂ ಸೇರಿ ಏಳು ಹುಡುಗಿಯರು. ಉಳಿದ ಆರು ಮಂದಿಗೆ ಇನ್ನೂ ಗೊತ್ತೇ ಇಲ್ಲ.

ಗಡಿಯಾರದಲ್ಲಿ ನಾಲ್ಕು ದಾಟಿ ಐದು ನಿಮಿಷ.

"ಇದನ್ನು ವಾಪಸ್ ಕಳಿಸೋಕೆ ಬರತ್ತಾ?" ಎಂದು ಅವರು ಊದಪ್ಪನನ್ನು ಕೇಳಿದರು.

ಬರುತ್ತದೆ ಎಂದ. ತಿದ್ದುಪಡಿಗೆ ಎಂದು ಕಾಲೇಜಿನಿಂದ ವಾಪಸ್ ಮಾಡಬಹುದು. ಆಗ ಹುಡುಗಿ ತನ್ನ ಖಾತೆ, ತನ್ನ ಫೋನ್ ನಂಬರ್ ಹಾಕಿ ಮತ್ತೆ ಸಲ್ಲಿಸಬಹುದು. ಆದರೆ ವಾಪಸ್ ಮಾಡಲು ಒಂದು ಓಟಿಪಿ ಬೇಕು, ಅದು ಹೋಗುವುದು ಫಾರಂನಲ್ಲಿ ಬರೆದ ಫೋನಿಗೆ. ಮೊದಲ ಸಲ ಏರಿಸುವಾಗಲೂ ತಾನು ಆ ನಂಬರಿಗೇ ಫೋನ್ ಮಾಡಿದ್ದೆ, ಯಾವುದೋ ಹೆಣ್ಣು ದನಿ ಓಟಿಪಿ ಹೇಳಿತು, ಹುಡುಗಿಯೇ ಇರಬೇಕು ಅಂದುಕೊಂಡೆ ಎಂದು ತಲೆ ತಗ್ಗಿಸಿ ಸೇರಿಸಿದ.

ಗುಬ್ಬಿ ಫಾರಂ ಕೈಗೆ ತೆಗೆದುಕೊಂಡು ಫೋನ್ ನಂಬರಿನ ಸಾಲು ಓದಿದಳು. ಎರಡು ಸಲ ಓದಿದಳು.

"ಮಾಮ, ಇದು ನಿಮ್ಮ ಅಂಗಡಿ ನಂಬರ್ ಅಲ್ವಾ? ಹೋದ ವರ್ಷ ನನ್ನ ಹತ್ರ ಫೋನ್ ಇರ್ಲಿಲ್ಲ. ಇದನ್ನೇ ಹಾಕಿಕೊಟ್ಟಿದ್ರಿ."

ಆ ಸೊನ್ನೆ ಕಣ್ಣಿಗೆ ಬಿದ್ದು ಹತ್ತು ನಿಮಿಷವಾಗಿತ್ತು. ಆ ಹತ್ತು ನಿಮಿಷದಲ್ಲಿ ಅರ್ಜಿಮಾಮ ಒಂದು ಮಾತೂ ಆಡಿರಲಿಲ್ಲ ಎಂಬುದು ಸಿಸ್ಟರಮ್ಮನಿಗೆ ಹೊಳೆದದ್ದು ಈಗ.

ಹೌದು ಎಂದ ಅವನು. ಫೋನಿಲ್ಲದ ಮಕ್ಕಳಿಗೆಂದು ಇಟ್ಟ ಹಳೆಯ ಫೋನು. ಅಂಗಡಿಯ ಡ್ರಾಯರಿನಲ್ಲಿ ಬಿದ್ದಿರುತ್ತದೆ, ಯಾರು ಬೇಕಾದರೂ ತೆಗೆಯಬಹುದು. ಸಾಲಿನಲ್ಲಿ ನಿಂತ ಹುಡುಗಿಯರೇ ಎಷ್ಟೋ ಸಲ ತೆಗೆದು ಓಟಿಪಿ ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ಅವನು ಅಕ್ಕನ ಕಡೆ ನೋಡದೆ, ನೆಲದ ಕಡೆ ನೋಡಿ ಹೇಳಿದ. ಟ್ಯೂಟರ್ ಮೇಡಂ ಹೆಸರು ಮತ್ತೆ ಬರಲಿಲ್ಲ.

"ಓಟಿಪಿ ಕಳಿಸು," ಎಂದರು ಸಿಸ್ಟರಮ್ಮ.

ಊದಪ್ಪ ಗುಂಡಿ ಒತ್ತಿದ. ಪರದೆಯ ಮೇಲೆ ಆರು ಖಾಲಿ ಚೌಕ ಬಂದವು. ಕೆಳಗೆ ಹತ್ತು ನಿಮಿಷದ ಗಡುವು ಸೆಕೆಂಡು ಸೆಕೆಂಡಾಗಿ ಇಳಿಯತೊಡಗಿತು. ಅವನು ಕುರ್ಚಿಯಲ್ಲಿ ಕೂರಲಾರದೆ ಪರದೆಯನ್ನು ಈಚೆ ತಿರುಗಿಸಿ, ಮೇಜು ಬಳಸಿಕೊಂಡು ಬಂದು ಸಿಸ್ಟರಮ್ಮನ ಎಡಕ್ಕೆ ನಿಂತ. ಬಲಕ್ಕೆ ತಮ್ಮನಿದ್ದ. ಗುಬ್ಬಿ ಎದುರಿಗೆ, ಫಾರಂ ಎದೆಗೆ ಒತ್ತಿಕೊಂಡು.

ಸಿಸ್ಟರಮ್ಮ ತಮ್ಮ ಫೋನಿನಿಂದ ಆ ನಂಬರು ಒತ್ತಿದರು. ಐದು ಸಲ ರಿಂಗಾಯಿತು. ಆರನೆಯದಕ್ಕೆ ತಮ್ಮನ ಹೆಂಡತಿಯೇ ಎತ್ತಿದಳು. ಆ ಕಡೆ ಪ್ರಿಂಟರ್ ಓಡುವ ಸದ್ದು.

"ಅತ್ತಿಗೆ? ಈ ನಂಬರಿಗೆ ಯಾಕೆ ಮಾಡಿದ್ರಿ?"

"ಅದಕ್ಕೆ ಈಗ ಒಂದು ಓಟಿಪಿ ಬಂದಿದೆ ನೋಡು. ಆರು ಅಂಕೆ. ಓದಿ ಹೇಳು ಮರಿ."

ಪ್ರಿಂಟರ್ ನಿಂತಿತು.

"ಯಾರದು ಅತ್ತಿಗೆ?"

"ಯಾರದು ಅಂತ ಅದರಲ್ಲೇ ಬರೆದಿರತ್ತೆ. ಹುಡುಗಿ ನನ್ನ ಮುಂದೆ ನಿಂತಿದಾಳೆ. ಐದು ಗಂಟೆ ಆದ್ರೆ ಅವಳು ಬಟ್ಟೆಕೋಣೆಗೆ ಹೋಗ್ತಾಳೆ, ಅವರಮ್ಮನ ಪಕ್ಕ ಹಾಸಿಗೆ ಬಟ್ಟೆ ಮಡಚೋಕೆ. ಬೇರೆ ಏನೂ ಕೇಳಲ್ಲ ನಾನು. ಈಗ ಕೇಳಲ್ಲ. ಆರು ಅಂಕೆ ಹೇಳು ಸಾಕು."

 ಸಣ್ಣ ಕೋಣೆಯಲ್ಲಿ ಫೋನಿನ ದನಿ ನಾಲ್ವರಿಗೂ ಕೇಳಿಸುತ್ತಿತ್ತು.

"ಅವರೂ ಅಲ್ಲೇ ಇದಾರಾ?"

"ಇದಾನೆ."

ಮತ್ತೆ ಮಾತು ಬಂದಾಗ ಅದು ತಮ್ಮನ ಹೆಂಡತಿಯ ದನಿಯ ಹಾಗಿರಲಿಲ್ಲ. ಮದುವೆಗೆ ಮೊದಲು ವಾರ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಹೊಸ ಹುಡುಗಿಯ ದನಿ.

"ಸಿಸ್ಟರ್, ನಾನು ಬರೆದಿದ್ದು ನಿಜ. ಅಳಿಸಲಿಲ್ಲ, ನೀವು ಹೇಳಿಕೊಟ್ಟ ಹಾಗೇ ಬರೆದೆ. ಆದ್ರೆ ಆ ಖಾತೆ ನಂಬರ್ ನಂದಲ್ಲ. ಅದನ್ನ ತಂದುಕೊಟ್ಟೋರು ನಿಮ್ಮ ಪಕ್ಕದಲ್ಲೇ ನಿಂತಿರಬೇಕು. ಅವರನ್ನೇ ಕೇಳಿ."

"ಮೊದಲು ಓಟಿಪಿ ಹೇಳು."

ಫೋನ್ ಕಟ್ಟಾಯಿತು.

ಸಿಸ್ಟರಮ್ಮ ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಪರದೆಯ ಮೇಲೆ ಗಡುವು ಏಳು ನಿಮಿಷಕ್ಕೆ ಇಳಿದಿತ್ತು.

ಆಗ ರಸ್ತೆಯಾಚೆಯಿಂದ ತಗಡು ಜಾರಿ ಬಂದು ನೆಲಕ್ಕೆ ಬಡಿದ ಸದ್ದು ಕೇಳಿಸಿತು. ನಾಲ್ವರೂ ಕಿಟಕಿಯ ಕಡೆ ನೋಡಿದರು. ನೀಲಿ ಫಲಕದ ಕೆಳಗೆ ಶಟರ್ ಮುಚ್ಚಿಕೊಂಡಿತ್ತು. ಕೊನೆಯ ದಿನದ ಸಾಲು ಎರಡು ಹೆಜ್ಜೆ ಹಿಂದೆ ಸರಿದು, ಕಾಗದ ಕೈಯಲ್ಲಿ ಹಿಡಿದುಕೊಂಡು, ಮುಚ್ಚಿದ ತಗಡನ್ನು ನೋಡುತ್ತ ನಿಂತಿತ್ತು. ಹೊರಗೆ ಯಾರೂ ಬರಲಿಲ್ಲ. ಎಳೆದುಕೊಂಡದ್ದು ಒಳಗಿನಿಂದ.

ಗುಬ್ಬಿ ಆಗಲೇ ಬಾಗಿಲು ದಾಟಿ ಓಡಿದ್ದಳು.

ಅರ್ಜಿಮಾಮನ ಕೈ ಅಂಗಿಯ ಜೇಬಿಗೆ ಹೋಯಿತು. ಶಟರಿನ ಇನ್ನೊಂದು ಕೀ ಅಲ್ಲಿತ್ತು, ಅದರಿಂದ ತೆರೆದರೆ ಓಟಿಪಿ ಬಂದ ಫೋನು ಕೈಗೆ ಸಿಗುತ್ತಿತ್ತು. ಬೆರಳುಗಳು ಅದನ್ನು ಹಿಡಿದುಕೊಂಡವು. ಆದರೆ ಅವನು ನಿಂತ ಜಾಗದಿಂದ ಕದಲಲಿಲ್ಲ.